ನಾನು ಬೆಂಗಳೂರಿಗೆ ಹೊರಟರೆ ನಾಯಿ, ಬೆಕ್ಕು ಅಪ್ಪ-ಅಮ್ಮನನ್ನು ಹಚ್ಚಿಕೊಳ್ಳುತ್ತವಾ?

ಕೊನೇಸ್ಟಾಪ್_ವಿದ್ಯಾನಗರ

ಮನೆ ದಾವಣಗೆರೆಯಲ್ಲಿ. ಎರಡು ವರ್ಷದ ಬೀದಿ ತಳಿಯ ಗಂಡು ನಾಯಿ, ಮೂರು ವರ್ಷದ ಗಂಡು ಬೆಕ್ಕು. ಎರಡಕ್ಕೂ ಆಪರೇಷನ್, ಇಂಜೆಕ್ಷನ್ ಆಗಿದೆ. ಎರಡೂ ನನ್ನನ್ನೇ ಹಚ್ಚಿಕೊಂಡಿವೆ. ಜೂನ್ ಕೊನೆಗೆ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕು. ಇರುವುದು ಪಿಜಿಯಲ್ಲಿ, ಅಲ್ಲಿ ಪ್ರಾಣಿ ಬಿಡಲ್ಲ. ಇನ್ನು ಆರು ವಾರ ಇದೆ.

ಅಪ್ಪ ಬೆಳಿಗ್ಗೆ ಬೆಣ್ಣೆ ದೋಸೆ ತುಂಡು, ಸಂಜೆ ಮಂಡಕ್ಕಿ ಕೊಟ್ಟು ನಾಯಿಯನ್ನು ಒಲಿಸಿಕೊಳ್ಳಲು ನೋಡ್ತಿದ್ದಾರೆ. ಅದು ತಿಂದು ವಾಪಸ್ ನನ್ನ ರೂಮಿನ ಬಾಗಿಲಿಗೆ ಬಂದು ಮಲಗುತ್ತೆ. ಅಮ್ಮ ಎತ್ತಿಕೊಂಡರೆ ಬೆಕ್ಕು ಪರಚಿ ಓಡುತ್ತೆ. ಇನ್ನೊಂದು, ನಾನು ಮಂಚದ ಮೇಲೆ ಕೂತಿರುವಾಗ ಅಪ್ಪ ಹತ್ತಿರ ಬಂದರೆ ನಾಯಿ ಗುರ್ ಅನ್ನುತ್ತೆ. ನನ್ನ ಮೇಲಿನ ಪ್ರೀತಿಗೆ ಹಾಗೆ ಮಾಡುತ್ತೆ ಅಂತ ಸುಮ್ಮನಿದ್ದೇವೆ. ಈ ಆರು ವಾರದಲ್ಲಿ ಏನು ಮಾಡಬೇಕು?

ಬೆಲ್ಟು_ಬಟ್ಟಲು

ಆರು ವಾರ ಸಾಕು ಮೇಡಂ, ಆದರೆ ನಾಳೆಯಿಂದಲೇ ಶುರು ಮಾಡಬೇಕು.

ಊಟ ಹಾಕಿದವರನ್ನು ನಾಯಿ ಹಚ್ಚಿಕೊಳ್ಳುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. ಅದು ಹಚ್ಚಿಕೊಳ್ಳುವುದು ತನ್ನ ದಿನ ನಡೆಸುವವರನ್ನು. ಬಾಗಿಲು ತೆಗೆಯುವವರು, ಹೊರಗೆ ಕರೆದೊಯ್ಯುವವರು, ಹೆದರಿದಾಗ ಪಕ್ಕದಲ್ಲಿ ನಿಲ್ಲುವವರು. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಬೀದಿ ನಾಯಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅಪರಿಚಿತರು ಮತ್ತೆ ಮತ್ತೆ ಹೋಗಿ ಕೆಲವು ನಾಯಿಗಳಿಗೆ ತಿನ್ನಲು ಕೊಟ್ಟರು, ಕೆಲವಕ್ಕೆ ತಲೆ ಸವರಿದರು. ದಿನ ಕಳೆದಂತೆ ಅವರನ್ನು ಹೆಚ್ಚು ನಂಬಿದ್ದು ತಲೆ ಸವರಿಸಿಕೊಂಡ ನಾಯಿಗಳು. ನಿಮ್ಮದೂ ಅದೇ ತಳಿ. ದೋಸೆ ಯಾಕೆ ಸಾಲುತ್ತಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ನಾಯಿ ದಿನದಲ್ಲಿ ಅತಿ ಹೆಚ್ಚು ಕಾಯುವುದು ಬೆಳಗಿನ ವಾಕಿಂಗಿಗೆ. ಅದನ್ನೇ ಮೊದಲು ಅಪ್ಪನಿಗೆ ಬಿಟ್ಟುಕೊಡಿ. ಮೊದಲ ಐದು ದಿನ ನೀವೂ ಜೊತೆಗೆ ಹೋಗಿ, ಬೆಲ್ಟ್ ಮಾತ್ರ ಅಪ್ಪನ ಕೈಯಲ್ಲಿರಲಿ. ಆಮೇಲೆ ಹತ್ತು ಹೆಜ್ಜೆ ಹಿಂದೆ, ಇಪ್ಪತ್ತು ಹೆಜ್ಜೆ ಹಿಂದೆ ನಡೆಯಿರಿ. ಎರಡನೇ ವಾರದ ಕೊನೆಗೆ ಗೇಟಿನಲ್ಲೇ ನಿಲ್ಲಿ. ನಾಯಿ ತಿರುಗಿ ನೋಡಿ ನಿಂತರೆ ಅಪ್ಪ ಎಳೆಯಬಾರದು. ತಾನೂ ನಿಂತು, ಒಮ್ಮೆ ಹೆಸರು ಕರೆದು, ಅದು ಒಂದು ಹೆಜ್ಜೆ ಇಟ್ಟರೂ ಚೂರು ತಿನಿಸು ಕೊಡಲಿ. ಎಳೆದರೆ ಅಪ್ಪ ಅಂದರೆ ನಿಮ್ಮಿಂದ ದೂರ ಮಾಡುವವರು ಅಂತ ಕಲಿಯುತ್ತದೆ, ಪಟ್ಟ ಶ್ರಮವೆಲ್ಲ ಹಾಳು. ಈ ಬೇಸಿಗೆ ಮುಗಿಯುವವರೆಗೆ ವಾಕಿಂಗನ್ನು ಬೆಳಿಗ್ಗೆ ಆರೂವರೆಯೊಳಗೆ ಮುಗಿಸಿ. ಸಂಜೆ ಹೋಗುವುದಾದರೆ ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ಕೈ ತಾಳದಿದ್ದರೆ ಅದರ ಪಾದವೂ ತಾಳುವುದಿಲ್ಲ.

ಊಟವನ್ನು ಮೂರನೇ ವಾರ ಬದಲಾಯಿಸಿ. ಅಪ್ಪ ನಾಯಿಯ ಕಣ್ಣೆದುರೇ ಕಲೆಸಿ, ಮೊದಲ ಐದಾರು ತುತ್ತು ಕೈಯಿಂದ ಕೊಟ್ಟು, ಬಟ್ಟಲು ಎಂದಿನ ಜಾಗದಲ್ಲೇ ಇಟ್ಟು ಆಚೆ ಹೋಗಲಿ.

ಬಹಳ ಮನೆಗಳಲ್ಲಿ ಎಡವುವುದು ಮಾತಿನಲ್ಲಿ. ನೀವು ‘ಸಿಟ್’ ಅಂತೀರಿ, ಅಪ್ಪ ‘ಕೂತ್ಕೊಳಲೇ’ ಅಂತಾರೆ, ಅಮ್ಮ ‘ಸುಮ್ನಿರು’ ಅಂತಾರೆ. ನಾಯಿಗೆ ಅವು ಮೂರು ಬೇರೆ ಸದ್ದು. ಅದಕ್ಕೆ ಗೊತ್ತಿರುವ ಪದಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ, ಮೂವರೂ ಅವನ್ನೇ ಬಳಸಿ. ದಿನಕ್ಕೆ ಎರಡು ಸಲ, ಮೂರೇ ಮೂರು ನಿಮಿಷ ಅಪ್ಪ ಕೂರಿಸಿ ಏಳಿಸಲಿ.

ಬ್ಯಾಗನ್ನು ಈಗಲೇ ಅಟ್ಟದಿಂದ ಇಳಿಸಿ ಹಾಲಿನಲ್ಲಿಡಿ. ದಿನಾ ಜಿಪ್ ಎಳೆಯಿರಿ, ಚಪ್ಪಲಿ ಹಾಕಿ, ಎಲ್ಲಿಗೂ ಹೋಗದೆ ಕೂತುಬಿಡಿ. ಬ್ಯಾಗು ಹೊರಬಂತೆಂದರೆ ನಾಯಿಯ ಎದೆ ಹೊಡೆದುಕೊಳ್ಳುವುದು ಹಾಗೆ ಕಡಿಮೆಯಾಗುತ್ತದೆ.

ಚಂದ್ರವಳ್ಳಿ_ಬೆಕ್ಕು

ಚಿತ್ರದುರ್ಗದಿಂದ. ನಾನು ಬೆಕ್ಕಿನ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದರೆ ನಾಯಿಗೆ ಹೇಳಿದ್ದು ಬೆಕ್ಕಿಗೆ ತಿರುಗುಮುರುಗು ಆಗುತ್ತದೆ.

ಉದಾಹರಣೆಗೆ ಕಣ್ಣು. ಜಪಾನಿನ ಅಜಾಬು ವಿಶ್ವವಿದ್ಯಾಲಯದವರ 2015ರ ಅಧ್ಯಯನದಲ್ಲಿ, ಸಾಕಿದವರೂ ನಾಯಿಯೂ ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರಿತ್ತು. ತಾಯಿ-ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ಬೆಕ್ಕನ್ನು ಹಾಗೆ ದಿಟ್ಟಿಸಿದರೆ ಬೆದರಿಕೆ ಅಂತ ತಿಳಿಯುತ್ತದೆ. ಅದಕ್ಕೆ ಬೇಕಿರುವುದು ನಿಧಾನದ ಕಣ್ಣುಮಿಟುಕು: ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ಮೆಲ್ಲಗೆ ತೆರೆಯುವುದು. ಹೀಗೆ ಮಿಟುಕಿಸಿದರೆ ಬೆಕ್ಕು ತಾನೂ ಮಿಟುಕಿಸುತ್ತದೆ, ಹತ್ತಿರವೂ ಬರುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದರು. ಬೆಕ್ಕೆಂದರೆ ಆಗದ ನೆಂಟರ ತೊಡೆಗೇ ಅದು ಹೋಗಿ ಕೂರುವುದೂ ಇದೇ ಕಾರಣಕ್ಕೆ. ಅವರು ನೋಡುವುದಿಲ್ಲ, ಕರೆಯುವುದಿಲ್ಲ, ಕೈ ಚಾಚುವುದಿಲ್ಲ.

ಅಮ್ಮನಿಗೆ ಹೇಳಿ, ಎತ್ತಿಕೊಳ್ಳುವುದು ಇವತ್ತಿಗೇ ನಿಲ್ಲಲಿ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ನೆಲದ ಮೇಲೆ ಕೂರಲಿ. ಸೊಪ್ಪು ಬಿಡಿಸುತ್ತಲೋ ಟೀವಿ ನೋಡುತ್ತಲೋ ಇಪ್ಪತ್ತು ನಿಮಿಷ. ಬೆಕ್ಕು ತಾನಾಗಿ ಬಂದರೆ ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಹಿಡಿಯಲಿ. ಮೂಸಿ ಕೆನ್ನೆ ತಿಕ್ಕಿದರೆ ಒಪ್ಪಿಗೆ ಇದೆ ಎಂದರ್ಥ. ಕೆನ್ನೆ, ಗದ್ದ, ಕಿವಿಯ ಬುಡದಲ್ಲಿ ವಾಸನೆಯ ಗ್ರಂಥಿಗಳಿವೆ, ಸವರುವುದು ಅಲ್ಲಿಯೇ. ಮೂರು ಸೆಕೆಂಡ್ ಸವರಿ ಕೈ ತೆಗೆಯಲಿ. ತಲೆ ಒತ್ತಿ ಮತ್ತೆ ಕೇಳಿದರೆ ಇನ್ನು ಮೂರು ಸೆಕೆಂಡ್. ಬಾಲದ ತುದಿ ಪಟಪಟ ಹೊಡೆದುಕೊಂಡರೆ, ಬೆನ್ನ ಚರ್ಮ ಅದುರಿದರೆ, ಕಿವಿ ಪಕ್ಕಕ್ಕೆ ತಿರುಗಿದರೆ ಅಲ್ಲಿಗೆ ನಿಲ್ಲಿಸಿ. ಪರಚುವುದು ಈ ಮೂರನ್ನೂ ನೋಡದೆ ಬಿಟ್ಟ ಮೇಲೆ. ಹೊಟ್ಟೆ ತೋರಿಸಿ ಹೊರಳಿದರೂ ಹೊಟ್ಟೆಗೆ ಕೈ ಹಾಕಬಾರದು. ಅದು ನಂಬಿಕೆ ತೋರಿಸುತ್ತಿದೆ, ಮುಟ್ಟು ಅನ್ನುತ್ತಿಲ್ಲ.

ರಾತ್ರಿ ಊಟಕ್ಕೆ ಮೊದಲು ಅಮ್ಮ ಕೋಲಿಗೆ ದಾರ, ದಾರಕ್ಕೆ ಬಟ್ಟೆ ಚೂರು ಕಟ್ಟಿ ಏಳೆಂಟು ನಿಮಿಷ ಆಡಿಸಲಿ. ಕೊನೆಗೊಮ್ಮೆ ಹಿಡಿಯಲು ಬಿಟ್ಟು, ತಕ್ಷಣ ಊಟ ಇಡಲಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಕೊನೇಸ್ಟಾಪ್_ವಿದ್ಯಾನಗರ

ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಮಂಡಿ ನೋವು, ಹೆಚ್ಚು ದೂರ ನಡೆಯಲು ಆಗಲ್ಲ. ಈಗಿನಿಂದಲೇ ನಾನು ನಾಯಿಯನ್ನು ಮಾತಾಡಿಸುವುದು ಕಡಿಮೆ ಮಾಡಬೇಕಾ? ಹೋದ ಮೇಲೆ ವಿಡಿಯೋ ಕಾಲ್ ಮಾಡಬಹುದಾ?

ಕುಂದವಾಡ_ಕೆರೆದಂಡೆ

ದಯವಿಟ್ಟು ದೂರ ಮಾಡಬೇಡಿ. ಇದ್ದಕ್ಕಿದ್ದಂತೆ ನೀವು ತಿರುಗಿ ನೋಡದಿದ್ದರೆ ಅದು ಇನ್ನಷ್ಟು ಅಂಟಿಕೊಳ್ಳುತ್ತದೆ, ರೂಮಿಂದ ರೂಮಿಗೆ ಹಿಂದೆಯೇ ಬರುತ್ತದೆ. ನಿಮ್ಮ ಮೇಲಿನದು ಹಾಗೇ ಇರಲಿ, ಪಕ್ಕದಲ್ಲಿ ಇನ್ನೊಂದು ನಂಟು ಬೆಳೆಯಬೇಕು ಅಷ್ಟೆ.

ಮಂಡಿ ನೋವಿದ್ದರೆ ದೂರ ಬೇಕಿಲ್ಲ. ಉದ್ದನೆಯ ಬೆಲ್ಟ್, ಮೂರು ಮೀಟರಿನದು, ಮನೆ ಮುಂದಿನ ಪಾರ್ಕಿನಲ್ಲಿ ಹದಿನೈದು ನಿಮಿಷ, ನಾಯಿ ಎಲ್ಲಿ ಮೂಸುತ್ತದೋ ಅಲ್ಲಿ ಅಪ್ಪ ನಿಲ್ಲಲಿ. ಮೂಸುವುದೇ ಅದಕ್ಕೆ ಪೇಪರ್ ಓದಿದ ಹಾಗೆ. ಮನೆಗೆ ಬಂದ ಮೇಲೆ ಒಂದು ಹಿಡಿ ಸಪ್ಪೆ ಮಂಡಕ್ಕಿಯನ್ನು ಅಂಗಳದಲ್ಲಿ ಚೆಲ್ಲಿ ಹುಡುಕಿಸಬಹುದು. ನಾಯಿ ಜೋರಾಗಿ ಎಳೆಯುವುದಾದರೆ ಕುತ್ತಿಗೆ ಪಟ್ಟಿ ಬಿಟ್ಟು ಎದೆಗೆ ಕಟ್ಟುವ ಹಾರ್ನೆಸ್ ತೊಡಿಸಿ, ಅಪ್ಪ ಬೀಳಬಾರದು.

ಆ ಗುರ್ ಅನ್ನುವುದನ್ನು ಮಾತ್ರ ಪ್ರೀತಿ ಅಂತ ಬಿಡಬೇಡಿ. ಬಟ್ಟಲು ಕಾಯುವ ಹಾಗೆ ನಿಮ್ಮನ್ನು ಕಾಯುತ್ತಿದೆ. ಬೈಯಲೂಬಾರದು. ಬೈದು ಬಾಯಿ ಮುಚ್ಚಿಸಿದರೆ ಮುಂದೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಸದ್ಯಕ್ಕೆ ಮಂಚ ಹತ್ತಿಸಬೇಡಿ. ಅದು ನಿಮ್ಮ ಪಕ್ಕ ನೆಲದಲ್ಲಿರುವಾಗ ಅಪ್ಪ ಬಾಗಿಲ ಬಳಿಯಿಂದಲೇ, ಅಂದರೆ ನಾಯಿಯ ಮೈ ಬಿಗಿಯಾಗುವುದಕ್ಕಿಂತ ಮೊದಲೇ, ಬೇಯಿಸಿದ ಕೋಳಿಯ ಚೂರೊಂದನ್ನು ಎಸೆದು ತಿರುಗಿ ಹೋಗಲಿ. ದಿನಕ್ಕೆ ಹತ್ತು ಸಲ. ಅಪ್ಪ ಕಂಡ ಕೂಡಲೇ ಬಾಲ ಸಡಿಲವಾಗಿ ಆಡತೊಡಗಿದ ಮೇಲೆ ಅರ್ಧ ಹೆಜ್ಜೆ ಮುಂದೆ. ನಡುವೆ ಗುರ್ ಅಂದರೆ ನೀವು ಮಾತಿಲ್ಲದೆ ಎದ್ದು ಬೇರೆ ರೂಮಿಗೆ ಹೋಗಿ, ನಾಳೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಹಲ್ಲು ತಾಗಿ ಗಾಯವಾದರೆ ಹರಿಯುವ ನೀರು, ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಯಿಗೆ ಇಂಜೆಕ್ಷನ್ ಆಗಿದ್ದರೂ.

ವಿಡಿಯೋ ಕಾಲ್: ದನಿ ಕೇಳುತ್ತದೆ, ವಾಸನೆ ಇಲ್ಲ. ಕಿವಿ ನಿಮಿರಿಸಿ ಆಮೇಲೆ ಸುಮ್ಮನೆ ಮಲಗಿದರೆ ಮಾಡಿ. ಬಾಗಿಲಿಗೆ ಓಡಿ ಕುಂಯ್‌ಗುಟ್ಟಿದರೆ ಮೊದಲ ತಿಂಗಳು ಬೇಡ. ಅದಕ್ಕಿಂತ ನೀವು ಹಾಕಿ ಒಗೆಯದ ಎರಡು ಟೀ ಶರ್ಟ್ ಬಿಟ್ಟುಹೋಗಿ. ಒಂದು ನಾಯಿಯ ಹಾಸಿಗೆಗೆ, ಇನ್ನೊಂದನ್ನು ಜಿಪ್ ಕವರಿನಲ್ಲಿಟ್ಟು ಎರಡು ವಾರದ ನಂತರ ಕೊಡಲಿ.

ಬೆಲ್ಟು_ಬಟ್ಟಲು

ತಿನಿಸಿನ ಮಾತು ಬಿಟ್ಟುಹೋಯಿತು. ಬೆಣ್ಣೆ ದೋಸೆ ನಿಲ್ಲಿಸಿ. ಅಷ್ಟು ಜಿಡ್ಡು ಮೇದೋಜೀರಕ ಗ್ರಂಥಿಯನ್ನು ಕೆರಳಿಸಿ ವಾಂತಿ, ಹೊಟ್ಟೆನೋವು ತರಬಹುದು. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ ಎರಡೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ, ಬೆಕ್ಕಿಗೆ ಇನ್ನೂ ಹೆಚ್ಚು. ಉಪ್ಪು ಹಾಕದೆ ಬೇಯಿಸಿದ ಕೋಳಿ, ಮೊಟ್ಟೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿಟ್ಟುಕೊಳ್ಳಿ. ತಿನಿಸೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರದಿರಲಿ.

ಚಂದ್ರವಳ್ಳಿ_ಬೆಕ್ಕು

ನೀವು ಹೋದ ಮೇಲಿನ ಮೊದಲ ವಾರದ ಬಗ್ಗೆ ಅಮ್ಮನಿಗೆ ಎರಡು ವಿಷಯ ಬರೆದುಕೊಡಿ. ನಾಯಿ ಒಂದು ದಿನ ಊಟ ಬಿಟ್ಟರೆ ಕಾಯಬಹುದು, ಎರಡನೇ ದಿನವೂ ಮುಟ್ಟದಿದ್ದರೆ ಡಾಕ್ಟರಿಗೆ ತೋರಿಸಬೇಕು. ಬೆಕ್ಕು ಪೂರ್ತಿ 24 ಗಂಟೆ ಏನೂ ತಿನ್ನದಿದ್ದರೆ ಕಾಯಬಾರದು, ಉಪವಾಸ ಮುಂದುವರಿದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಇನ್ನೊಂದು, ಗಂಡು ಬೆಕ್ಕಿಗೆ ಮನಸ್ಸು ಕೆಟ್ಟರೆ ಮೂತ್ರಕೋಶ ಕೆರಳಿ ನಾಳ ಕಟ್ಟಿಕೊಳ್ಳುವುದುಂಟು. ಮೂತ್ರಕ್ಕೆಂದು ಇಟ್ಟ ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ತಿಣುಕಿದರೆ, ಕೂಗಿದರೆ, ಮರಳು ಒಣಗಿಯೇ ಇದ್ದರೆ ರಾತ್ರಿಯಾದರೂ ಹೊರಡಬೇಕು. ಮಲಬದ್ಧತೆ ಅಂದುಕೊಂಡು ಮನೆಮದ್ದು ಮಾಡುತ್ತಾ ಬೆಳಗಾಗುವವರೆಗೆ ಕೂರಬಾರದು. ಮರಳಿನ ತಟ್ಟೆ, ನೀರಿನ ಬಟ್ಟಲು, ನಿಮ್ಮ ಮಂಚದ ಮೇಲಿನ ಹೊದಿಕೆ, ಇವನ್ನು ಒಂದು ತಿಂಗಳು ಜಾಗ ಬದಲಿಸಬೇಡಿ. ಹೊದಿಕೆ ಒಗೆಯಲೂ ಬೇಡಿ.

ಕುಂದವಾಡ_ಕೆರೆದಂಡೆ

ಹೊರಡುವ ದಿನ ನಾಯಿಗೆ ಕಾಣದಂತೆ ಕದ್ದು ಹೋಗಬೇಡಿ, ಅಪ್ಪಿಕೊಂಡು ಅಳುತ್ತಲೂ ಕೂರಬೇಡಿ. ಅಪ್ಪ ಮೂಸುವ ವಾಕಿಂಗ್ ಮುಗಿಸಿ ತಂದಿರಲಿ, ನೀವು ದಿನಾ ಹೊರಗೆ ಹೋಗುವಾಗ ಹೇಳುವ ಮಾತನ್ನೇ ಹೇಳಿ ಗೇಟ್ ದಾಟಿ. ಹಬ್ಬಕ್ಕೆ ಊರಿಗೆ ಬಂದಾಗ ಎಷ್ಟು ಬೇಕಾದರೂ ಮುದ್ದು ಮಾಡಿ, ಬೆಳಗಿನ ಬೆಲ್ಟ್ ಮಾತ್ರ ಅಪ್ಪನ ಕೈಯಲ್ಲೇ ಇರಲಿ.