ಬಿಸಿಲಿದ್ದಾಗಲೇ ಇನ್ವರ್ಟರ್ ನಿಲ್ಲುತ್ತದೆ, ಆಪ್‌ನಲ್ಲಿ ಕಾರಣ ಕಾಣುವುದಿಲ್ಲ

ಪಾಂಡವಪುರ ತಾರಸಿ:
ಎಲ್ಲರಿಗೂ ನಮಸ್ಕಾರ. ನಮ್ಮದು 3 ಕಿಲೋವ್ಯಾಟ್ ಆನ್‌ಗ್ರಿಡ್ ಸೋಲಾರ್, ಅಂದರೆ ಕರೆಂಟ್ ಲೈನಿಗೇ (ಗ್ರಿಡ್‌ಗೆ) ಸೇರಿಸಿದ್ದು. ಬೆಳಿಗ್ಗೆ ಚೆನ್ನಾಗಿ ಬರುತ್ತದೆ. ಮಟಮಟ ಮಧ್ಯಾಹ್ನ ಇನ್ವರ್ಟರ್ ಟಕ್ ಅಂತ ನಿಂತು, ಸ್ವಲ್ಪ ಹೊತ್ತಿಗೆ ತಾನಾಗಿ ಶುರುವಾಗುತ್ತದೆ. ಕರೆಂಟ್ ಹೋಗಿರುವುದಿಲ್ಲ, ಫ್ಯಾನ್ ತಿರುಗುತ್ತಲೇ ಇರುತ್ತದೆ. ಹಾಕಿಕೊಟ್ಟವರು ಮೋಡ ಅಂತಾರೆ. ಆಪ್ 5 ನಿಮಿಷಕ್ಕೊಂದು ಚುಕ್ಕಿ ಇಡುವುದು, ಅದರಲ್ಲಿ ಗ್ರಾಫ್ ಸುಮ್ನೆ ತಗ್ಗಿದ ಹಾಗೆ ಕಾಣುತ್ತದೆ. ವೈಫೈ ಕೈಕೊಟ್ಟರೆ ಅದೂ ಇಲ್ಲ. ಒಳ್ಳೆ ಬಿಸಿಲಿನ ಯೂನಿಟ್ ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ. ಡೇಟಾ ಮನೆಯಲ್ಲೇ ದಾಖಲಾಗುವ ದಾರಿ ಇದೆಯಾ?

ಕುವೆಂಪುನಗರ ಮೇಷ್ಟ್ರು:
ಇದೆ ಸರ್. ಇನ್ವರ್ಟರ್ ಅಡಿಯಲ್ಲಿ ಆರ್‌ಎಸ್485 ಪೋರ್ಟ್ (ಡೇಟಾ ತಂತಿ ಜೋಡಿಸುವ ಜಾಗ) ಇದೆಯಾ ನೋಡಿ. ಅಲ್ಲಿಂದ ಎ, ಬಿ ತಂತಿ ಎಳೆದು, ಆರ್‌ಎಸ್485 ಮಾಡ್ಯೂಲ್ ಮೂಲಕ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಡಿ. ಮಾತಾಡುವ ಭಾಷೆ ಸಾಮಾನ್ಯವಾಗಿ ಮಾಡ್‌ಬಸ್, ವೇಗ 9600 ಬಾಡ್. ಉತ್ತರ ಬರದಿದ್ದರೆ ಎ, ಬಿ ಅದಲುಬದಲು ಮಾಡಿ. ಯಾವ ಅಳತೆ ಯಾವ ನಂಬರಿನಲ್ಲಿದೆ ಅಂತ ಹೇಳುವ ರಿಜಿಸ್ಟರ್ ಪಟ್ಟಿ ಮಾತ್ರ ನಿಮ್ಮ ಮಾಡೆಲ್‌ನದೇ ಬೇಕು, ಕಂಪನಿಗೆ ಮೇಲ್ ಹಾಕಿ. ವ್ಯಾಟ್ ಒಂದನ್ನೇ ಬರೆದರೆ ಸಾಲದು. ಗ್ರಿಡ್ ವೋಲ್ಟೇಜ್, ಸ್ಟೇಟಸ್ ಕೋಡ್ ಎರಡೂ 10 ಸೆಕೆಂಡಿಗೊಮ್ಮೆ ಎಸ್‌ಡಿ ಕಾರ್ಡಿಗೆ ಹೋಗಲಿ. ಡಿಎಸ್3231 ಗಡಿಯಾರ ಮಾಡ್ಯೂಲ್ ಸೇರಿಸಿ. ಇಂಟರ್ನೆಟ್ ಇಲ್ಲದಿದ್ದರೂ ಸಮಯ ಸರಿಯಾಗಿರುತ್ತದೆ. ಪ್ಯಾನೆಲ್ ಕಡೆಯ ಡಿಸಿ ತಂತಿಗೆ ಮಾತ್ರ ಕೈ ಹಾಕಬೇಡಿ.

ಪಾಂಡವಪುರ ತಾರಸಿ:
ಮೇಷ್ಟ್ರೇ, ಸಿಕ್ಕಿತು! ನೋಡಿ:
12:41:10, 252.8 ವೋಲ್ಟ್, 2410 ವ್ಯಾಟ್
12:41:20, 254.1 ವೋಲ್ಟ್, 0 ವ್ಯಾಟ್
12:41:30, 248.3 ವೋಲ್ಟ್, 0 ವ್ಯಾಟ್
ಪ್ರತಿ ಸಲವೂ ಇದೇ ಕಥೆ. ಮೋಡ ಬಂದಿದ್ದರೆ ಒಮ್ಮೆಗೇ ಸೊನ್ನೆ ಆಗುತ್ತಿರಲಿಲ್ಲ ಅಲ್ವಾ?

ಮದ್ದೂರು ವೈರಿಂಗ್:
ಮೋಡ ಅಲ್ಲ ಅಣ್ಣ, ಓವರ್‌ವೋಲ್ಟೇಜ್. ಲೈನಿನ ವೋಲ್ಟೇಜ್ 230 ಇರಬೇಕು, ಅದಕ್ಕೆ ಶೇಕಡಾ 10 ಸೇರಿಸಿದರೆ 253. ಅದನ್ನು ದಾಟಿದರೆ ಇನ್ವರ್ಟರ್ ಸಾಮಾನ್ಯವಾಗಿ ಲೈನಿನಿಂದ ಬಿಟ್ಟುಕೊಂಡು ನಿಲ್ಲುತ್ತದೆ. ಲೈನಿನಲ್ಲಿ ಲೋಡ್ ಕಮ್ಮಿ ಇದ್ದಾಗ ವೋಲ್ಟೇಜ್ ಮೊದಲೇ ಜಾಸ್ತಿ ಇರುತ್ತದೆ, ಅದರ ಮೇಲೆ ನಿಮ್ಮ ಸೋಲಾರ್ ತಳ್ಳುತ್ತದೆ. ಇನ್ವರ್ಟರಿಂದ ಮೀಟರಿಗೆ ಎಷ್ಟು ದೂರ, ಯಾವ ವೈರು? 40 ಮೀಟರ್ 4 ಎಂಎಂ (ಚದರ ಮಿಲಿಮೀಟರ್) ತಾಮ್ರದ ವೈರಾದರೆ 13 ಆಂಪಿಯರ್‌ಗೆ ಅದರಲ್ಲೇ ಸುಮಾರು 5 ವೋಲ್ಟ್ ಏರುತ್ತದೆ. 10 ಎಂಎಂ ಹಾಕಿದರೆ 2ಕ್ಕೆ ಇಳಿಯುತ್ತದೆ. ಇನ್ವರ್ಟರ್ ಓಡುವಾಗ ಎರಡೂ ತುದಿಯ ವೋಲ್ಟೇಜ್ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಸೆಟ್ಟಿಂಗಲ್ಲಿ ಮಿತಿ ಏರಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮನೆಯ ಫ್ರಿಜ್, ಟಿವಿಗೂ ಅದೇ ವೋಲ್ಟೇಜ್ ತಾನೇ ಹೋಗುವುದು.

ಪಾಂಡವಪುರ ತಾರಸಿ:
ಅಳೆಸಿದೆ ಅಣ್ಣ. ಇನ್ವರ್ಟರ್ ಹತ್ತಿರ 252, ಮೀಟರ್ ಹತ್ತಿರ 248. ವೈರು ನೀವಂದ ಹಾಗೆ 4 ಎಂಎಂ. 10 ಎಂಎಂ ಎಳೆಸುತ್ತಿದ್ದೇನೆ. ಮೀಟರ್ ಹತ್ತಿರದ 248ಕ್ಕೆ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ವೋಲ್ಟೇಜ್ ಏರಿಸಿ ಇಳಿಸುವ ಜೋಡಣೆ) ನೋಡಿ ಅಂತ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುತ್ತೇನೆ, ಜೊತೆಗೆ ಒಂದು ವಾರದ ಲಾಗ್ ಪ್ರಿಂಟ್ ಇಡುತ್ತೇನೆ.