ಲೈವ್‌ನಲ್ಲಿ ಆರೂ ಕ್ಯಾಮೆರಾ ಇವೆ, ಟೇಪ್‌ನಲ್ಲಿ 1, 3, 5 ಮಾತ್ರ! (ಮಲ್ಟಿಪ್ಲೆಕ್ಸರ್ + ಟೈಮ್‌ಲ್ಯಾಪ್ಸ್ ವಿಸಿಆರ್)

ಹಳೇಟೇಪು:
ಎಲ್ಲರಿಗೂ ನಮಸ್ಕಾರ. ಗುಜರಿಯಲ್ಲಿ ಸಿಕ್ಕ 16 ಚಾನೆಲ್ ಡ್ಯೂಪ್ಲೆಕ್ಸ್ ಮಲ್ಟಿಪ್ಲೆಕ್ಸರ್ (ಹಲವು ಕ್ಯಾಮೆರಾಗಳ ಚಿತ್ರವನ್ನು ಸರದಿಯಲ್ಲಿ ಒಂದೇ ಟೇಪ್‌ಗೆ ಕಳಿಸುವ ಪೆಟ್ಟಿಗೆ) ಮತ್ತು ಅದರ ಜೊತೆಗಿದ್ದ ಟೈಮ್‌ಲ್ಯಾಪ್ಸ್ ವಿಸಿಆರ್ (ಚಿತ್ರಗಳನ್ನು ಬಿಟ್ಟು ಬಿಟ್ಟು ಬರೆದು ಟೇಪನ್ನು ಹೆಚ್ಚು ಹೊತ್ತು ಓಡಿಸುವ ರೆಕಾರ್ಡರ್) ಎರಡನ್ನೂ ರಿಪೇರಿ ಮಾಡಿ ಕೂರಿಸಿದ್ದೇನೆ. ಎರಡೂ ಪಾಲ್ (ನಮ್ಮ ಹಳೇ ಟಿವಿ ಪದ್ಧತಿ). ಆರು ಕ್ಯಾಮೆರಾ ಜೋಡಿಸಿದ್ದೇನೆ. ಕ್ಯಾಮೆರಾ ಹೊಸವು, ಎಲ್ಲವನ್ನೂ ಮೆನುವಿನಲ್ಲಿ ಸಿವಿಬಿಎಸ್‌ಗೆ (ಹಳೇ ಅನಲಾಗ್ ವಿಡಿಯೋಗೆ) ಬದಲಾಯಿಸಿದ್ದೇನೆ. ಮಾನಿಟರ್‌ನಲ್ಲಿ ಆರೂ ಚೆನ್ನಾಗಿ ಕಾಣುತ್ತವೆ.

ತೊಂದರೆ ಇರುವುದು ರೆಕಾರ್ಡಿಂಗ್‌ನಲ್ಲಿ. ಇ-180 ಟೇಪ್ (ಮಾಮೂಲಿಯಾಗಿ 3 ಗಂಟೆಯದು), 24 ಗಂಟೆ ಮೋಡ್. ಮಲ್ಟಿಪ್ಲೆಕ್ಸರ್ ಮೂಲಕವೇ ಪ್ಲೇ ಮಾಡಿದರೂ 1, 3, 5 ಮಾತ್ರ ಬರುತ್ತವೆ. 2, 4, 6ರ ಜಾಗದಲ್ಲಿ ಕಪ್ಪು. ಕೇಬಲ್ ಅದಲು ಬದಲು ಮಾಡಿ ನೋಡಿದೆ. 2ರ ಕ್ಯಾಮೆರಾವನ್ನು 1ಕ್ಕೆ ಹಾಕಿದರೆ ಅದು ಟೇಪ್‌ನಲ್ಲಿ ಬರುತ್ತದೆ. ಇನ್ನೊಂದು ವಿಚಿತ್ರ: 6ನೇ ಕ್ಯಾಮೆರಾ ಕಿತ್ತರೆ ಉಳಿದ ಐದೂ ಟೇಪ್‌ನಲ್ಲಿ ಬರುತ್ತವೆ! 6ನೇ ಇನ್‌ಪುಟ್ ಬೋರ್ಡ್ ಹೋಗಿರಬಹುದಾ?

ತಂತಿಮನೆ:
ಗುರು, ಅದನ್ನು ವಾಪಸ್ ಗುಜರಿಗೆ ಹಾಕಿ ಒಂದು ಡಿವಿಆರ್ ತಗೊಳ್ಳಿ. ಸುಮ್ನೆ ಯಾಕೆ ತಲೆನೋವು 😄

ಹಳೇಟೇಪು:
ಡಿವಿಆರ್ ಮನೆಯಲ್ಲಿದೆ ಸರ್. ಇದು ಹವ್ಯಾಸ. ತಲೆನೋವೇ ಬೇಕಾಗಿರುವುದು.

ಕೋಯಾಕ್ಸ್_ಕಾಕಾ:
ಬೋರ್ಡ್ ಮುಟ್ಟಬೇಡಿ, ಅದು ಚೆನ್ನಾಗಿಯೇ ಇದೆ. ಐದಕ್ಕೆ ಸರಿ, ಆರಕ್ಕೆ ಅರ್ಧ ಅಂದರೆ ಇದು ಲೆಕ್ಕದ ಗೊಂದಲ.

ಪಾಲ್‌ನಲ್ಲಿ ಸೆಕೆಂಡಿಗೆ 50 ಫೀಲ್ಡ್ (ಫೀಲ್ಡ್ ಅಂದರೆ ಅರ್ಧ ಫ್ರೇಮ್). ವಿಸಿಆರ್ 3 ಗಂಟೆ ಮೋಡ್‌ನಲ್ಲಿದ್ದರೆ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಅದೇ ಟೇಪ್ 24 ಗಂಟೆ ಬರಬೇಕಾದರೆ ಎಂಟು ಪಟ್ಟು ಉಳಿಸಬೇಕು, ಅಲ್ವಾ? ಹಾಗಾಗಿ ಎಂಟು ಫೀಲ್ಡ್‌ಗೆ ಒಂದನ್ನು ಮಾತ್ರ ಬರೆಯುತ್ತದೆ, ಅಂದರೆ 0.16 ಸೆಕೆಂಡಿಗೆ ಒಂದು. ನಿಮ್ಮ ಮಲ್ಟಿಪ್ಲೆಕ್ಸರ್‌ಗೆ ಇದು ಗೊತ್ತಿಲ್ಲ. ಅದು ಪ್ರತಿ ಫೀಲ್ಡ್‌ಗೂ ಕ್ಯಾಮೆರಾ ಬದಲಿಸುತ್ತಾ ಹೋಗುತ್ತಿದೆ.

ಈಗ ಬೆರಳು ಮಡಚಿ ಎಣಿಸಿ. ಆರು ಕ್ಯಾಮೆರಾ ಸರದಿಯಲ್ಲಿ ಎಂಟೆಂಟು ಹೆಜ್ಜೆ ಹಾರಿದರೆ 1, 3, 5, ಮತ್ತೆ 1. ಸಮಸಂಖ್ಯೆ ಸಿಗುವುದೇ ಇಲ್ಲ. ಐದು ಕ್ಯಾಮೆರಾ ಇದ್ದರೆ 1, 4, 2, 5, 3. ಎಲ್ಲವೂ ಸಿಗುತ್ತವೆ, ಅದೂ ಅದೃಷ್ಟದಿಂದ. ನನ್ನ ಮಾತು ನಂಬಿಕೆ ಬಾರದಿದ್ದರೆ ಎಂಟು ಕ್ಯಾಮೆರಾ ಹಾಕಿ ನೋಡಿ. ಟೇಪ್‌ನಲ್ಲಿ ಒಂದೇ ಒಂದು ಉಳಿಯುತ್ತದೆ.

ಮಲ್ಟಿಪ್ಲೆಕ್ಸರ್ ಮೆನುವಿನಲ್ಲಿ ವಿಸಿಆರ್ ಸಮಯ ಎಷ್ಟಿದೆ ನೋಡಿ ಹೇಳಿ. ಹಿಂದೆ ಎರಡನ್ನೂ ಜೋಡಿಸುವ ಟ್ರಿಗರ್ ತಂತಿ ಇದೆಯಾ?

ಹಳೇಟೇಪು:
ಕಾಕಾ, ಮೆನುವಿನಲ್ಲಿ 3 ಗಂಟೆ ಅಂತಿದೆ! ಒಳಗಿನ ಬ್ಯಾಟರಿ ಸತ್ತಿದೆ, ಕರೆಂಟ್ ಹೋದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. 24ಕ್ಕೆ ಹಾಕಿದೆ, ಈಗ ಆರೂ ಬಂದವು. ಆದರೆ ನಡುನಡುವೆ ಒಂದೊಂದು ಕ್ಯಾಮೆರಾ ತಪ್ಪುತ್ತದೆ. ಟ್ರಿಗರ್ ತಂತಿ ಇಲ್ಲ, ಬರೀ ವಿಡಿಯೋ ಕೇಬಲ್.

ಕೋಯಾಕ್ಸ್_ಕಾಕಾ:
ತಪ್ಪಲೇಬೇಕು. ಎರಡು ಪೆಟ್ಟಿಗೆ, ಎರಡು ಗಡಿಯಾರ. ನಿಧಾನವಾಗಿ ಒಂದು ಹಿಂದೆ ಬೀಳುತ್ತದೆ. ವಿಸಿಆರ್ ಹಿಂದೆ ‘ಕ್ಯಾಮೆರಾ ಸ್ವಿಚ್ ಔಟ್’ ಇರುತ್ತದೆ. ಅಲ್ಲಿಂದ ಮಲ್ಟಿಪ್ಲೆಕ್ಸರ್‌ನ ‘ಟ್ರಿಗರ್ ಇನ್’ಗೆ ಒಂದು ತಂತಿ, ಜೊತೆಗೆ ಗ್ರೌಂಡ್. ಒಂದು ಫೀಲ್ಡ್ ಬರೆದಾದ ಮೇಲೆ ವಿಸಿಆರ್ ಸಿಗ್ನಲ್ ಕೊಡುತ್ತದೆ, ಆಗ ಮಾತ್ರ ಮಲ್ಟಿಪ್ಲೆಕ್ಸರ್ ಮುಂದಿನ ಕ್ಯಾಮೆರಾಗೆ ಹೋಗುತ್ತದೆ. ಆಮೇಲೆ ಮೆನುವಿನಲ್ಲಿ ಸಮಯದ ಬದಲು ಹೊರಗಿನ ಟ್ರಿಗರ್ ಆಯ್ಕೆ ಮಾಡಿ. ಕೆಲಸ ಮಾಡದಿದ್ದರೆ ಟ್ರಿಗರ್‌ನ ಪೋಲಾರಿಟಿ (ಸಿಗ್ನಲ್ ಏರಿಕೆಯೋ ಇಳಿಕೆಯೋ ಅನ್ನುವುದು) ತಿರುಗಿಸಿ. ಆಗ ಪ್ರತಿ ಕ್ಯಾಮೆರಾಗೂ 0.96 ಸೆಕೆಂಡಿಗೆ ಒಂದು ಚಿತ್ರ ಸಿಗುತ್ತದೆ. 16 ತುಂಬಿಸಿದರೆ ಎರಡೂವರೆ ಸೆಕೆಂಡ್ ಆಗುತ್ತದೆ, ಕಳ್ಳ ಆರಾಮಾಗಿ ದಾಟಿ ಹೋಗಬಹುದು.

ಹಳೇಟೇಪು:
ತಂತಿ ಹಾಕಿದೆ, ಪೋಲಾರಿಟಿ ತಿರುಗಿಸಬೇಕಾಯಿತು. ರಾತ್ರಿಯಿಡೀ ಓಡಿಸಿದೆ, ಒಂದೂ ತಪ್ಪಿಲ್ಲ. ತುಂಬಾ ಥ್ಯಾಂಕ್ಸ್ ಕಾಕಾ! ಇದರ ಜೊತೆಗೇ ಇನ್ನೊಂದು: 4ನೇ ಕ್ಯಾಮೆರಾ ಮಾತ್ರ ಮಂಕು. ಅದರ ಲೂಪ್ ಔಟ್‌ನಿಂದ (ಅದೇ ಸಿಗ್ನಲ್ ಮುಂದಕ್ಕೆ ಕೊಡುವ ಕಿಂಡಿ) ಬೇರೆ ಟಿವಿಗೆ ಕೇಬಲ್ ಎಳೆದಿದ್ದೇನೆ.

ಕೋಯಾಕ್ಸ್_ಕಾಕಾ:
ಎರಡು ಕಡೆ 75 ಓಮ್ ಬಿದ್ದಿದೆ. ಟರ್ಮಿನೇಷನ್ (ಕೇಬಲ್ ಕೊನೆಗೆ ಹಾಕುವ ಆ 75 ಓಮ್ ರೆಸಿಸ್ಟರ್) ಕೊನೆಯ ಸಾಧನದಲ್ಲಿ ಮಾತ್ರ ಇರಬೇಕು. ಮಲ್ಟಿಪ್ಲೆಕ್ಸರ್‌ನಲ್ಲಿ 4ರ ಟರ್ಮಿನೇಷನ್ ತೆಗೆಯಿರಿ, ಟಿವಿಯಲ್ಲಿ ಇರಲಿ. ಟಿವಿ ಕೇಬಲ್ ಕಿತ್ತರೆ ಮರೆಯದೆ ಆ ಟರ್ಮಿನೇಷನ್ ವಾಪಸ್ ಹಾಕಿ, ಇಲ್ಲದಿದ್ದರೆ ಚಿತ್ರ ಜಾಸ್ತಿ ಬೆಳ್ಳಗಾಗುತ್ತದೆ.

ನೀಲಿಪರದೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಇಂಥ ಟೇಪ್‌ಗಳಿವೆ, ಮಲ್ಟಿಪ್ಲೆಕ್ಸರ್ ಇಲ್ಲ. ಮಾಮೂಲಿ ವಿಸಿಆರ್‌ನಲ್ಲಿ ಎಲ್ಲ ಕ್ಯಾಮೆರಾ ಒಟ್ಟಿಗೆ ಪಟಪಟ ಬಡಿಯುತ್ತವೆ. ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಂಡು, ಮಲ್ಟಿಪ್ಲೆಕ್ಸರ್ ಸಿಕ್ಕಾಗ ಅದರ ಮೂಲಕ ಬಿಡಿಸಬಹುದಾ?

ಕೋಯಾಕ್ಸ್_ಕಾಕಾ:
ಆ ಕ್ರಮದಲ್ಲಿ ಬೇಡ. ಯಾವ ಚಿತ್ರ ಯಾವ ಕ್ಯಾಮೆರಾದ್ದು ಅನ್ನುವ ಗುರುತು ಸಾಮಾನ್ಯವಾಗಿ ಪರದೆ ಮೇಲೆ ಕಾಣದ ಗೆರೆಗಳಲ್ಲಿ ಇರುತ್ತದೆ. ಹೆಚ್ಚಿನ ಕ್ಯಾಪ್ಚರ್ ಕಾರ್ಡ್‌ಗಳು ಆ ಗೆರೆಗಳನ್ನು ಬಿಟ್ಟುಬಿಡುತ್ತವೆ. ಟೇಪ್ ಬರೆದ ಕಂಪನಿಯದ್ದೇ ಮಲ್ಟಿಪ್ಲೆಕ್ಸರ್ ಹುಡುಕಿ, ಒಬ್ಬರದ್ದು ಇನ್ನೊಬ್ಬರಿಗೆ ಅರ್ಥವಾಗುವುದು ಕಮ್ಮಿ. ವಿಸಿಆರ್ ಔಟ್‌ನಿಂದ ಅದಕ್ಕೆ ಕೊಟ್ಟು, ಒಂದೊಂದೇ ಕ್ಯಾಮೆರಾ ಆಯ್ಕೆ ಮಾಡಿ ಇಳಿಸಿಕೊಳ್ಳಿ. ಅದು ಸಿಗುವವರೆಗೆ ಟೇಪ್ ಎಸೆಯಬೇಡಿ.