‘ಹಸಿವು ಸತ್ತಿತು’ ಅಂತ ಮೀನುಮರಿಗೂ ಹೇಳಬಹುದಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಪಂಜರದಲ್ಲಿ ಮೀನು ಸಾಕುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೀಬಾಸ್ ಎಂಬ ಮೀನಿನ ಮರಿ ಮಾಡಿಸುವ ಅಧ್ಯಾಯದಲ್ಲಿ ಒಂದು ಮಾತು ನಾಲ್ಕು ದಿನದಿಂದ ಮುಂದೆ ಹೋಗಲು ಬಿಡುತ್ತಿಲ್ಲ. ಇಂಗ್ಲಿಷಿನಲ್ಲಿ ಅದು ‘ಪಾಯಿಂಟ್ ಆಫ್ ನೋ ರಿಟರ್ನ್’. 1963ರಲ್ಲಿ ಬ್ಲಾಕ್ಸ್‌ಟರ್ ಮತ್ತು ಹೆಂಪೆಲ್ ಎಂಬ ವಿಜ್ಞಾನಿಗಳು ಹೆರಿಂಗ್ ಮೀನಿನ ಮರಿಗಳ ಬಗ್ಗೆ ಬರೆಯುವಾಗ ಬಳಸಿದ್ದು.

ವಿಷಯ ಇಷ್ಟು. ಮೊಟ್ಟೆಯಿಂದ ಹೊರಬಂದಾಗ ಸೀಬಾಸ್ ಮರಿ ಬರೀ ಒಂದೂವರೆ ಮಿಲಿಮೀಟರ್ ಇರುತ್ತದೆ. ಬಾಯಿ ಇನ್ನೂ ತೆರೆದಿರುವುದಿಲ್ಲ. ಹೊಟ್ಟೆಗೆ ಅಂಟಿಕೊಂಡ ಬಂಡಾರದ (ಮೊಟ್ಟೆಯ ಹಳದಿಯ) ಚೀಲವೇ ಅದರ ಬುತ್ತಿ. ಎರಡು ಮೂರು ದಿನದಲ್ಲಿ ಬುತ್ತಿ ತೀರುತ್ತದೆ, ಮರಿ ಬಾಯಿ ಬಿಡುತ್ತದೆ. (ನಾಯಿಮರಿ ಕಣ್ಣು ಬಿಟ್ಟಿತು ಅಂತೀವಲ್ಲ, ಹಾಗೆ. ಇದು ಸರಿ ಅನ್ನಿಸಿದೆ.) ಆ ಹೊತ್ತಿಗೆ ತೊಟ್ಟಿಯಲ್ಲಿ ರೋಟಿಫರ್, ಅಂದರೆ ಮರಿ ತಿನ್ನುವ ತೀರಾ ಸಣ್ಣ ನೀರಜೀವಿ, ಇರಲೇಬೇಕು. ಆರ್ಟೀಮಿಯಾ (ಸಿಗಡಿಯ ಬಳಗದ ಪುಟ್ಟ ಜೀವಿ, ರೋಟಿಫರ್‌ಗಿಂತ ದೊಡ್ಡದು) ಆಗಲೇ ಹಾಕಿದರೆ ಪ್ರಯೋಜನವಿಲ್ಲ, ಅಷ್ಟು ಪುಟ್ಟ ಬಾಯಿಗೆ ಅದು ಹಿಡಿಸುವುದಿಲ್ಲ. ರೋಟಿಫರ್ ಕೂಡ ಒತ್ತಾಗಿಯೇ ಇರಬೇಕು. ಮರಿಗೆ ದೂರ ಈಜಿ ಬೇಟೆಯಾಡಲು ಬರುವುದಿಲ್ಲ, ಮೂತಿಯ ಮುಂದೆ ಬಂದದ್ದನ್ನಷ್ಟೇ ಹಿಡಿಯುತ್ತದೆ.

ತಡವಾದರೆ ಮರಿ ಕೂಡಲೇ ಸಾಯುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಮರಿಕೇಂದ್ರದಲ್ಲಿ ಒಬ್ಬರು ಬೀಕರನ್ನು ಬೆಳಕಿಗೆ ಹಿಡಿದು ತೋರಿಸಿದರು. ಉಂಡ ಮರಿಯ ಹೊಟ್ಟೆಯಲ್ಲಿ ಸಣ್ಣದೊಂದು ಕಪ್ಪು ಗೆರೆ ಇತ್ತು. ಉಣ್ಣದ ಮರಿ ಗಾಜಿನ ಚೂರಿನ ಹಾಗೆ, ಒಳಗೆ ಏನೂ ಇಲ್ಲ. ಆದರೂ ಮಿಸುಕಾಡುತ್ತಿತ್ತು. ಸುತ್ತ ರೋಟಿಫರ್ ತುಂಬಿದ್ದರೂ ಇನ್ನು ಅದು ತಿನ್ನುವುದಿಲ್ಲ. ಜೀವ ಇದೆ, ಉಣ್ಣುವ ಶಕ್ತಿ ಇಲ್ಲ. ಈ ಸ್ಥಿತಿಗೇ ಪದ ಬೇಕಾಗಿರುವುದು.

‘ಹಿಂತಿರುಗಲಾಗದ ಬಿಂದು’ ಅಂದರೆ ದಾರಿ ನೆನಪಾಗುತ್ತದೆ, ಹೊಟ್ಟೆಯಲ್ಲ. ‘ಕೈಮೀರಿದ ಹಂತ’ ಒಳ್ಳೆಯ ಕನ್ನಡವೇ. ಆದರೆ ರೋಗ ಬಂದರೂ ಹಾಗೇ ಅಂತೀವಿ, ನೀರು ಕೆಟ್ಟರೂ ಹಾಗೇ.

ಮೊನ್ನೆ ಊಟ ತಡವಾಗಿ ಅಮ್ಮ ತಟ್ಟೆ ಸರಿಸಿ, “ಹೊತ್ತು ಮೀರಿತು, ಹಸಿವೇ ಸತ್ತುಹೋಯ್ತು” ಅಂದರು. ಅಲ್ವಾ, ಇದೇ ಅಲ್ವಾ ಅನ್ನಿಸಿತು! ಬರೆದು ನೋಡಿದೆ: “ಬಾಯಿ ಬಿಟ್ಟ ದಿನವೇ ರೋಟಿಫರ್ ಹಾಕಿ. ಹಸಿವು ಸತ್ತ ಮೇಲೆ ಹಾಕಿದರೆ ಮರಿ ಉಳಿಯುವುದಿಲ್ಲ.”

ಎರಡು ಅನುಮಾನ ಉಳಿದಿವೆ. ನಮಗೆ ಸತ್ತ ಹಸಿವು ರಾತ್ರಿಗೆ ಮತ್ತೆ ಹುಟ್ಟುತ್ತದೆ, ಮರಿಗೆ ಹುಟ್ಟುವುದಿಲ್ಲ. ಓದುವವರು ‘ಆಮೇಲೆ ತಿಂದೀತು’ ಅಂದುಕೊಂಡರೆ ತೊಟ್ಟಿಯೇ ಖಾಲಿಯಾಗುತ್ತದೆ. ಇನ್ನೊಂದು, ಸಾಯುವುದು ಹಸಿವೋ, ಉಣ್ಣುವ ಕಸುವೋ? ಕಸುವು ಅನ್ನುವುದೇ ನಿಜಕ್ಕೆ ಹತ್ತಿರ. ಆದರೆ ‘ಉಣ್ಣುವ ಕಸುವು ಸತ್ತ ಮೇಲೆ’ ಉದ್ದವಾಯಿತು, ಬಾಯಲ್ಲಿ ನಿಲ್ಲುವುದಿಲ್ಲ.

ನಿಮ್ಮ ಕಡೆ ಹಸಿವು ಸಾಯುತ್ತದಾ, ಇಂಗುತ್ತದಾ, ಕಟ್ಟುತ್ತದಾ? ಕರು ಹಾಲು ಕುಡಿಯುವುದನ್ನೇ ಬಿಟ್ಟು ಸೊರಗಿದಾಗ, ಕೋಳಿಮರಿ ಕಾಳು ಕುಕ್ಕದೆ ನಿಂತಾಗ ಮನೆಯಲ್ಲಿ ಏನನ್ನುತ್ತಾರೆ? ಉತ್ತರ ಕನ್ನಡ, ಉಡುಪಿ ಕಡೆಯವರು ದಯವಿಟ್ಟು ಬರೆಯಿರಿ. ಕೈಪಿಡಿ ಓದುವವರು ಹೆಚ್ಚಾಗಿ ಅಲ್ಲಿಯವರೇ.